ವೋಲ್ಟೇಜ್ ಇಳಿದರೆ ಮೋಟಾರ್ ಸುಡುವುದೇಕೆ?

ಪ್ರಶ್ನೆ: ನಮ್ಮ ಬೋರ್‌ವೆಲ್‌ನ 5 ಎಚ್‌ಪಿ ಮೋಟಾರ್ ಈ ಬೇಸಿಗೆಯಲ್ಲಿ ಎರಡನೇ ಸಲ ಸುಟ್ಟುಹೋಯಿತು. ಲೋ ವೋಲ್ಟೇಜ್‌ನಿಂದ ಹೀಗಾಗಿದೆ ಎಂದು ರಿವೈಂಡಿಂಗ್ ಮಾಡುವವರು ಹೇಳುತ್ತಾರೆ. ಆದರೆ ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಕೂಡ ಕಡಿಮೆಯೇ ಹರಿಯಬೇಕಲ್ಲವೇ? ಶಾಲೆಯಲ್ಲಿ ಕಲಿತ ಓಮ್‌ನ ನಿಯಮವೂ ಅದನ್ನೇ ಹೇಳುತ್ತದೆ. ಕಡಿಮೆ ಕರೆಂಟಿಗೆ ಮೋಟಾರ್ ಹೇಗೆ ಸುಡುತ್ತದೆ ಸರ್?

ಉತ್ತರ: ರಿವೈಂಡಿಂಗ್ ಮಾಡುವವರು ಹೇಳಿದ್ದು ಸರಿ. ನೀರು ಎತ್ತುತ್ತಿರುವ ಮೋಟಾರಿನಲ್ಲಿ ವೋಲ್ಟೇಜ್ ಇಳಿದಾಗ ಕರೆಂಟ್ ಇಳಿಯುವುದಿಲ್ಲ, ಏರುತ್ತದೆ. ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ನನಗೆ ಬರುತ್ತದೆ, ಪ್ರತಿ ಬೇಸಿಗೆಯಲ್ಲೂ ನಾಲ್ಕು ಸಾಲಿನ ಉತ್ತರ ಬರೆಯುತ್ತೇನೆ, ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ. ನಾಲ್ಕು ಸಾಲು ಸಾಲುತ್ತಿಲ್ಲವೆಂದು ಕಾಣುತ್ತದೆ. ಆದ್ದರಿಂದ ಈ ಸಲ ಬುಡದಿಂದ ಬರೆಯುತ್ತೇನೆ.

ಗೊಂದಲದ ಅರ್ಧ ಪಾಲು ನಮ್ಮ ಮಾತಿನಲ್ಲೇ ಇದೆ. ‘ಕರೆಂಟ್ ಹೋಯಿತು’, ‘ಕರೆಂಟ್ ಬಂತು’ ಎನ್ನುವಾಗ ನಾವು ಹೇಳುವುದು ವಿದ್ಯುತ್ ಪೂರೈಕೆಯ ಮಾತು. ಬಲ್ಬು ಮಂಕಾದಾಗ ‘ಕರೆಂಟ್ ಕಡಿಮೆ ಬರುತ್ತಿದೆ’ ಎನ್ನುತ್ತೇವೆ, ಆದರೆ ಅಲ್ಲಿ ಇಳಿದಿರುವುದು ವೋಲ್ಟೇಜ್, ಅಂದರೆ ಬಲ್ಬಿಗೆ ಬರುವ ಎರಡು ತಂತಿಗಳ ನಡುವಿನ ವಿಭವಾಂತರ. ತಂತಿಯಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದು ಬೇರೆಯೇ ಲೆಕ್ಕ. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾ ಬಂದವರಿಗೆ ಒಂದು ಇಳಿದಾಗ ಇನ್ನೊಂದು ಏರಬಹುದು ಎಂಬ ಮಾತು ಒಪ್ಪಿಗೆಯಾಗುವುದು ಕಷ್ಟವೇ.

ಆದರೆ ಇದಕ್ಕೆ ಪುರಾವೆ ಹುಡುಕಿಕೊಂಡು ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ನಿಮ್ಮ ಪಂಪ್‌ಹೌಸಿನ ಗೋಡೆಯ ಮೇಲೇ ಅದು ಇದೆ. ಸ್ಟಾರ್ಟರ್ ಬೋರ್ಡಿನಲ್ಲಿ ಎರಡು ಮೀಟರ್‌ಗಳಿರುತ್ತವೆ, ಒಂದು ವೋಲ್ಟಿನದು, ಇನ್ನೊಂದು ಆಂಪಿಯರಿನದು. ಕಳೆದ ಬೇಸಿಗೆಯಲ್ಲಿ ನಮ್ಮ ಅಣ್ಣನ ತೆಂಗಿನ ತೋಟದಲ್ಲಿ ಆ ಬೋರ್ಡಿನ ಮುಂದೆ ಅರ್ಧ ಗಂಟೆ ನಿಂತು ನೋಡಿದೆ. ಬೆಳಗಿನ ಜಾವ ಅಕ್ಕಪಕ್ಕದ ಪಂಪುಗಳು ಇನ್ನೂ ಶುರುವಾಗದಿದ್ದಾಗ ವೋಲ್ಟಿನ ಮುಳ್ಳು 400ರ ಮೇಲಿತ್ತು, ಆಂಪಿಯರಿನ ಮುಳ್ಳು 8ರ ಹತ್ತಿರ ನಿಂತಿತ್ತು. ಪಕ್ಕದ ತೋಟಗಳ ಮೋಟಾರ್‌ಗಳು ಒಂದೊಂದಾಗಿ ಶುರುವಾದಂತೆ ಮೊದಲನೆಯ ಮುಳ್ಳು 340ಕ್ಕೆ, ಆಮೇಲೆ ಇನ್ನೂ ಕೆಳಕ್ಕೆ ಜಾರಿತು, ಎರಡನೆಯ ಮುಳ್ಳು ಅದೇ ಹೊತ್ತಿಗೆ 10ನ್ನು ದಾಟಿತು. ಎರಡು ಮುಳ್ಳುಗಳೂ ನಮ್ಮ ಕಣ್ಣೆದುರೇ ವಿರುದ್ಧ ದಿಕ್ಕಿಗೆ ನಡೆದವು. ಇಪ್ಪತ್ತು ವರ್ಷ ಆ ಬೋರ್ಡನ್ನು ನೋಡಿದ ಅಣ್ಣ ಅಂದೇ ಮೊದಲ ಸಲ ಎರಡನ್ನೂ ಒಟ್ಟಿಗೆ ಗಮನಿಸಿದ್ದು.

ಹಾಗಾದರೆ ಓಮ್‌ನ ನಿಯಮ ಸುಳ್ಳೇ? ಅಲ್ಲ. ಗೇಯಾರ್ಗ್ ಓಮ್ 1820ರ ದಶಕದಲ್ಲಿ ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದುಕೊಂಡು ಪ್ರಯೋಗ ನಡೆಸಿದ್ದು ಲೋಹದ ತಂತಿಗಳ ಮೇಲೆ. ತಂತಿಯ ಉಷ್ಣತೆ ಬದಲಾಗದಿದ್ದರೆ ಅದರಲ್ಲಿ ಹರಿಯುವ ಪ್ರವಾಹವು ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದು 1827ರಲ್ಲಿ ಅವನು ಪ್ರಕಟಿಸಿದ ವಿಚಾರದ ತಿರುಳು. ‘ಉಷ್ಣತೆ ಬದಲಾಗದಿದ್ದರೆ’ ಎಂಬ ಷರತ್ತನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಆಮೇಲೆ ಮರೆಯುತ್ತೇವೆ. ಹಳೆಯ 60 ವ್ಯಾಟಿನ ಬಲ್ಬನ್ನೇ ತೆಗೆದುಕೊಳ್ಳಿ: 230 ವೋಲ್ಟಿನಲ್ಲಿ ಉರಿಯುವಾಗ ಅದರ ರೋಧ ಸುಮಾರು 880 ಓಮ್, ಆರಿಸಿ ತಣ್ಣಗಾದ ಮೇಲೆ ಅಳೆದರೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಬಲ್ಬಿನಲ್ಲೇ ರೋಧ ಒಂದೇ ಆಗಿರುವುದಿಲ್ಲವೆಂದ ಮೇಲೆ ಮೋಟಾರನ್ನು ‘ಇಷ್ಟು ಓಮಿನ ವಸ್ತು’ ಎಂದು ಎಣಿಸಲು ಹೊರಡುವುದು ತಪ್ಪು ದಾರಿ.

ಆ ದಾರಿ ಎಷ್ಟು ತಪ್ಪೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮೋಟಾರಿನ ವೈಂಡಿಂಗ್ ತಾಮ್ರದ ತಂತಿಯದು, ಅದರ ರೋಧ ಕೆಲವೇ ಓಮ್. 4 ಓಮ್ ಎಂದಿಟ್ಟುಕೊಂಡು ತ್ರೀ ಫೇಸ್ ಲೈನಿನಲ್ಲಿ ಇರಬೇಕಾದ 415 ವೋಲ್ಟನ್ನು ಅದರಿಂದ ಭಾಗಿಸಿದರೆ ನೂರಕ್ಕೂ ಹೆಚ್ಚು ಆಂಪಿಯರ್ ಬರುತ್ತದೆ. ನಿಮ್ಮ ಮೀಟರ್ ತೋರಿಸುವುದು 8. ತಂತಿಯ ರೋಧವೊಂದೇ ಕರೆಂಟನ್ನು ನಿರ್ಧರಿಸುತ್ತಿದ್ದರೆ ನಿಮ್ಮ ಮೋಟಾರ್ ಒಂದು ದಿನವೂ ಬಾಳುತ್ತಿರಲಿಲ್ಲ. ಕರೆಂಟನ್ನು ಹಿಡಿದಿಟ್ಟಿರುವುದು ಬೇರೊಂದು ಸಂಗತಿ, ಅದು ಮೋಟಾರ್ ತಿರುಗುತ್ತಿದೆ ಎಂಬುದು.

ಮೂರು ಫೇಸುಗಳು ಸೇರಿ ಮೋಟಾರಿನೊಳಗೆ ನಿಮಿಷಕ್ಕೆ 3000 ಸುತ್ತು ತಿರುಗುವ ಒಂದು ಕಾಂತಕ್ಷೇತ್ರವನ್ನು ನಿರ್ಮಿಸುತ್ತವೆ. ಒಳಗಿನ ರೋಟರ್ ಅದನ್ನು ಹಿಂಬಾಲಿಸುತ್ತದೆ, ಆದರೆ ಹಿಡಿಯಲಾರದು, 2850ರ ಆಸುಪಾಸಿನಲ್ಲಿ ಓಡುತ್ತದೆ. ಹೀಗೆ ಹಿಂದೆ ಬಿದ್ದ ಅಂತರದಿಂದಲೇ ರೋಟರಿನಲ್ಲಿ ಕರೆಂಟ್ ಹುಟ್ಟುತ್ತದೆ, ಆ ಕರೆಂಟೂ ಕಾಂತಕ್ಷೇತ್ರವೂ ಸೇರಿ ಪಂಪನ್ನು ತಿರುಗಿಸುವ ಬಲವನ್ನು ಕೊಡುತ್ತವೆ. ವೋಲ್ಟೇಜ್ ಇಳಿದಾಗ ಕಾಂತಕ್ಷೇತ್ರ ಸೊರಗುತ್ತದೆ, ಆದರೆ ಪಂಪಿನ ಮೇಲಿನ ಹೊರೆ ಇಳಿಯುವುದಿಲ್ಲ, ಏಕೆಂದರೆ ನೂರಾರು ಅಡಿ ಆಳದಿಂದ ನೀರು ಮೇಲೆ ಬರಲೇಬೇಕು. ಸೊರಗಿದ ಕ್ಷೇತ್ರದಲ್ಲಿ ಅಷ್ಟೇ ಬಲ ಹುಟ್ಟಬೇಕಾದರೆ ರೋಟರ್ ಇನ್ನಷ್ಟು ಹಿಂದೆ ಬಿದ್ದು ಹೆಚ್ಚು ಕರೆಂಟನ್ನು ಹುಟ್ಟಿಸಿಕೊಳ್ಳಬೇಕು, ಅದಕ್ಕೆ ಸರಿಯಾಗಿ ಹೊರಗಿನ ವೈಂಡಿಂಗ್ ಲೈನಿನಿಂದ ಹೆಚ್ಚು ಎಳೆದುಕೊಳ್ಳಬೇಕು. 415 ಇರಬೇಕಾದಲ್ಲಿ 300 ವೋಲ್ಟ್ ಸಿಕ್ಕರೆ ಕರೆಂಟ್ ಒಂದೂಕಾಲು ಪಟ್ಟನ್ನು ದಾಟಿ ಒಂದೂವರೆಯ ಕಡೆಗೆ ಏರುತ್ತದೆ. ವೈಂಡಿಂಗಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ.

ಇನ್ನೂ ಕೆಟ್ಟದ್ದು ಮುಂದಿದೆ. ಮೋಟಾರ್ ಕೊಡಬಲ್ಲ ಗರಿಷ್ಠ ತಿರುಗುಬಲ ವೋಲ್ಟೇಜಿನ ವರ್ಗದಂತೆ ಕುಗ್ಗುತ್ತದೆ, 300 ವೋಲ್ಟಿನಲ್ಲಿ ಉಳಿಯುವುದು ಅರ್ಧ ಮಾತ್ರ. ಶುರುವಾಗುವಾಗ ಆ ಬಲ ಸಾಲದೆ ರೋಟರ್ ನಿಂತೇಬಿಟ್ಟರೆ, 300 ವೋಲ್ಟಿನಲ್ಲೂ ವೈಂಡಿಂಗಿನಲ್ಲಿ ನಾಲ್ಕು ಪಟ್ಟಿನಷ್ಟು ಕರೆಂಟ್ ಹರಿಯುತ್ತದೆ, ಶಾಖ ಹದಿನಾರು ಪಟ್ಟಾಗುತ್ತದೆ. ಬೋರ್‌ವೆಲ್ಲಿನ ನೀರಿನಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡುವುದು ಅದರ ಮೈಯನ್ನು ಸವರಿಕೊಂಡು ಮೇಲೇರುವ ನೀರು. ಪಂಪು ತಿರುಗದಿದ್ದರೆ ಆ ನೀರೂ ಹರಿಯುವುದಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹೊರೆಯಿಲ್ಲದೆ ಖಾಲಿ ತಿರುಗುವ ಮೋಟಾರಿನಲ್ಲಿ ವೋಲ್ಟೇಜ್ ಇಳಿದಾಗ ಕರೆಂಟೂ ಇಳಿಯುವುದುಂಟು. ಅಂಗಡಿಯ ಮೇಜಿನ ಮೇಲೆ ಹಾಗೆ ತಿರುಗಿಸಿ ನೋಡಿದವರು ‘ನಾನೇ ಅಳೆದಿದ್ದೇನೆ’ ಎಂದು ನನ್ನೊಡನೆ ವಾದಿಸಿದ್ದಾರೆ. ಅವರ ಅಳತೆ ಸರಿ, ಆದರೆ ಅದು ಬೋರ್‌ವೆಲ್ಲಿನೊಳಗೆ ಕೆಲಸ ಮಾಡುವ ಮೋಟಾರಿನ ಅಳತೆಯಲ್ಲ.

ಈ ತಪ್ಪು ತಿಳಿವಳಿಕೆಯನ್ನು ನಾನು ಇಷ್ಟು ಹಟದಿಂದ ಬೆನ್ನಟ್ಟುವುದಕ್ಕೆ ಕಾರಣ ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇ, ಅಂದರೆ ಕರೆಂಟ್ ಮಿತಿ ಮೀರಿದರೆ ಮೋಟಾರನ್ನು ತಾನಾಗಿಯೇ ಆರಿಸುವ ಸಾಧನ. ವೋಲ್ಟೇಜ್ ಇಳಿದಾಗ ಅದು ಪದೇ ಪದೇ ಟ್ರಿಪ್ ಆಗುತ್ತದೆ. ‘ವೋಲ್ಟೇಜೇ ಇಲ್ಲ, ಓವರ್‌ಲೋಡ್ ಎಲ್ಲಿಂದ ಬರಬೇಕು, ರಿಲೇ ಕೆಟ್ಟಿದೆ’ ಎಂದು ನಂಬಿದವರು ಅದರ ತಿರುಪನ್ನು 8ರಿಂದ 12ಕ್ಕೆ ತಿರುಗಿಸುತ್ತಾರೆ, ಇಲ್ಲವೇ ಒಂದು ತುಂಡು ತಂತಿ ಹಾಕಿ ಅದನ್ನು ದಾಟಿಸಿಬಿಡುತ್ತಾರೆ. ರಿಲೇ ಕೆಟ್ಟಿರುವುದಿಲ್ಲ. ಏರಿದ ಕರೆಂಟನ್ನು ಗುರುತಿಸಿದ್ದು ಇಡೀ ಪಂಪ್‌ಹೌಸಿನಲ್ಲಿ ಅದೊಂದೇ. ಮೋಟಾರಿನ ನೇಮ್‌ಪ್ಲೇಟಿನಲ್ಲಿ ಬರೆದಿರುವ ಆಂಪಿಯರಿಗೆ ತಿರುಪನ್ನು ಇಂದೇ ಮರಳಿ ತನ್ನಿ, ಮುಖ್ಯ ಸ್ವಿಚ್ ಆರಿಸಿದ ಮೇಲಷ್ಟೇ ಮುಚ್ಚಳ ತೆಗೆಯಿರಿ.

ನೀವು ಕೇಳಿಲ್ಲ, ಆದರೂ ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಇದೆ: ಟಿಸಿಯಲ್ಲಿ, ಅಂದರೆ ಊರ ಟ್ರಾನ್ಸ್‌ಫಾರ್ಮರಿನಲ್ಲಿ, 415 ಇದ್ದ ವೋಲ್ಟೇಜ್ ನಿಮ್ಮ ತೋಟಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಅದು ದಾರಿಯ ತಂತಿಯಲ್ಲಿ ಇಳಿಯಿತು, ಮತ್ತು ಇಲ್ಲಿ ಓಮ್‌ನ ನಿಯಮ ತನ್ನ ನಿಜವಾದ ಜಾಗದಲ್ಲಿದೆ. ಕಂಬಗಳ ಮೇಲಿನ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಅರ್ಧ ಓಮ್ ಎಂದುಕೊಳ್ಳಿ. ಹತ್ತು ಮೋಟಾರ್‌ಗಳು ತಲಾ 8 ಆಂಪಿಯರ್ ಎಳೆದರೆ 80 ಆಂಪಿಯರ್ ಆಯಿತು, ಒಂದು ಕಿಲೋಮೀಟರ್ ದೂರದಲ್ಲಿ ಪ್ರತಿ ಫೇಸಿನಲ್ಲೂ 40 ವೋಲ್ಟಿನ ಆಸುಪಾಸು ಕಳೆದುಹೋಯಿತು, ಎರಡು ಫೇಸುಗಳ ನಡುವೆ ಅಳೆದರೆ 70ರ ಹತ್ತಿರ. ವೋಲ್ಟೇಜ್ ಇಳಿದಂತೆ ಹತ್ತೂ ಮೋಟಾರ್‌ಗಳು ಹೆಚ್ಚು ಎಳೆಯುತ್ತವೆ, ಹೆಚ್ಚು ಎಳೆದಂತೆ ಲೈನಿನ ಕೊನೆಯಲ್ಲಿರುವವರಿಗೆ ಇನ್ನೂ ಕಡಿಮೆ ಸಿಗುತ್ತದೆ. ತ್ರೀ ಫೇಸ್ ಬಂದ ಕ್ಷಣವೇ ಎಲ್ಲರ ಆಟೋ ಸ್ಟಾರ್ಟರ್‌ಗಳೂ ಒಟ್ಟಿಗೆ ಎದ್ದರೆ ಯಾರ ಮೋಟಾರೂ ಸರಿಯಾಗಿ ಏಳದಿರುವುದು ಇದೇ ಕಾರಣಕ್ಕೆ. ಅಕ್ಕಪಕ್ಕದವರು ಮಾತಾಡಿಕೊಂಡು ಎರಡೆರಡು ನಿಮಿಷದ ಅಂತರ ಇಟ್ಟುಕೊಂಡರೂ ಎಷ್ಟೋ ವ್ಯತ್ಯಾಸವಾಗುತ್ತದೆ.

ತಂತಿಯಲ್ಲಿ ಆಗುವ ಈ ನಷ್ಟಕ್ಕೆ ಉಪಾಯವನ್ನು ನಮ್ಮ ನಾಡು ಬಹಳ ಹಿಂದೆಯೇ ಕಂಡಿದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳುಹಿಸಿದ್ದರಿಂದ. ಸಾವಿರ ಕಿಲೋವ್ಯಾಟನ್ನು 415 ವೋಲ್ಟಿನಲ್ಲಿ ಕಳುಹಿಸಲು ತಂತಿಯಲ್ಲಿ 1,400 ಆಂಪಿಯರಿನಷ್ಟು ಹರಿಯಬೇಕು, 30,000 ವೋಲ್ಟಿನಲ್ಲಾದರೆ 20 ಆಂಪಿಯರ್ ಸಾಕು. ಹೊಲಗಳ ನಡುವೆಯೂ ಇದೇ ಉಪಾಯ ನಡೆಯುತ್ತದೆ: 11,000 ವೋಲ್ಟಿನ ಲೈನನ್ನೇ ತೋಟದ ಹತ್ತಿರಕ್ಕೆ ತಂದು, ನಾಲ್ಕಾರು ಪಂಪ್‌ಸೆಟ್ಟುಗಳಿಗೆ ಒಂದರಂತೆ 25 ಕೆವಿಎ ಸಾಮರ್ಥ್ಯದ ಚಿಕ್ಕ ಟಿಸಿ ಕೂರಿಸಿದರೆ 415 ವೋಲ್ಟಿನ ತಂತಿ ಕೆಲವೇ ಕಂಬಗಳಿಗೆ ಮುಗಿಯುತ್ತದೆ. ನಿಮ್ಮ ಪಂಪ್‌ಹೌಸಿನಿಂದ ಟಿಸಿಯವರೆಗೆ ಎಷ್ಟು ಕಂಬಗಳಿವೆ, ಆ ಲೈನಿನಲ್ಲಿ ಎಷ್ಟು ಮೋಟಾರ್‌ಗಳಿವೆ ಎಂದು ಎಣಿಸಿ ಬರೆಯಿರಿ, ನಿಮ್ಮ ಲೈನಿನ ಲೆಕ್ಕವನ್ನೇ ಮಾಡಿ ಕಳುಹಿಸುತ್ತೇನೆ.