ಸೈಟು ತಗೊಂಡ್ರಾ ಅಂತ ಕೇಳಿದಾಗ

"ನನ್ನ ಆತ್ಮಗೌರವ ಕುಸಿದಿದೆ" ಅಂತ ಹೇಳಿಕೊಂಡು ಆಪ್ತಸಮಾಲೋಚಕರ ಹತ್ತಿರ ಯಾರೂ ಬರುವುದಿಲ್ಲ. ನಿದ್ದೆ ಬರುತ್ತಿಲ್ಲ ಅಂತ ಬರುತ್ತಾರೆ. ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ ಅಂತ ಬರುತ್ತಾರೆ. ಇಲ್ಲವೇ ಹೆಂಡತಿ ಕರೆದುಕೊಂಡು ಬರುತ್ತಾರೆ, "ಇವರು ಎಲ್ಲಿಗೂ ಬರಲ್ಲ ಅಂತಾರೆ ಮೇಡಂ, ಸ್ವಂತ ಅಣ್ಣನ ಮಗಳ ಮದುವೆಗೂ ಬರಲಿಲ್ಲ" ಅಂತ.

ಹಾಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಿಸಿದ್ದೇನೆ. ಮೈಸೂರಿನವರು, ನಲವತ್ತು ದಾಟಿದವರು. ಟೈಲ್ಸ್ ಅಂಗಡಿ ಇಟ್ಟು ಕೈ ಸುಟ್ಟುಕೊಂಡು, ಈಗ ಬೇರೆಯವರ ಅಂಗಡಿಯಲ್ಲಿ ಸಂಬಳಕ್ಕಿದ್ದಾರೆ. ಸಾಲ ಇದೆ, ಆದರೆ ಊಟಕ್ಕೆ ತೊಂದರೆ ಇಲ್ಲ. ಮದುವೆಗೆ ಯಾಕೆ ಹೋಗಲಿಲ್ಲ ಅಂದರೆ ಮೊದಮೊದಲು ಬೆನ್ನುನೋವು ಅನ್ನುತ್ತಿದ್ದರು. ನಿಜವಾದ ಕಾರಣ ಹೊರಗೆ ಬರಲು ಸಾಕಷ್ಟು ಸಮಯ ಹಿಡಿಯಿತು. ಅದು ಮುಯ್ಯಿ.

ನಮ್ಮ ಕಡೆಯ ಮದುವೆ ನೋಡಿದವರಿಗೆ ಗೊತ್ತು. ಛತ್ರದಲ್ಲಿ ಒಂದು ಟೇಬಲ್ ಹಾಕಿಕೊಂಡು ಮನೆಯವರೊಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಹೆಸರು, ಊರು, ಎಷ್ಟು ರೂಪಾಯಿ, ಎಲ್ಲಾ ಬರೆದುಕೊಳ್ಳುತ್ತಾರೆ. ಆ ಪುಸ್ತಕ ವರ್ಷಗಟ್ಟಲೆ ಬೀರುವಿನಲ್ಲಿ ಭದ್ರವಾಗಿರುತ್ತದೆ, ಯಾಕೆಂದರೆ ನಾಳೆ ಅವರ ಮನೆ ಕಾರ್ಯಕ್ಕೆ ಹೋಗುವಾಗ ಅದನ್ನು ತೆಗೆದು ನೋಡಬೇಕು, ಅವರು ಹಾಕಿದ್ದಕ್ಕಿಂತ ಒಂದು ಕೈ ಜಾಸ್ತಿಯೇ ಹಾಕಬೇಕು. ಇವರ ಗೃಹಪ್ರವೇಶಕ್ಕೆ ಅಣ್ಣ ಹಾಕಿದ್ದು ಐದು ಸಾವಿರ. ಇವರ ಕೈಲಿ ಈಗ ಆಗುವುದು ಐನೂರು. "ನನ್ನ ಹೆಸರಿನ ಮುಂದೆ ಐನೂರು ಅಂತ ಬರೆಸೋಕೆ ಹೋಗ್ಲಾ ಮೇಡಂ? ಸೈಕಲ್ಲಲ್ಲಿ ಬರೋ ನಮ್ಮ ಹಳೇ ಕೆಲಸದ ಹುಡುಗನೂ ಅಷ್ಟೇ ಹಾಕ್ತಾನೆ" ಅಂದರು.

ಕೊನೆಯ ವಾಕ್ಯ ಗಮನಿಸಿದ್ರಾ? ಐನೂರು ರೂಪಾಯಿ ಅವರಿಗೆ ಕಡಿಮೆ ಅನ್ನಿಸಿದ್ದು ಆ ಹುಡುಗನ ಪಕ್ಕದಲ್ಲಿ ಇಟ್ಟು ನೋಡಿದಾಗ.

2001ರಲ್ಲಿ ಜೆನಿಫರ್ ಕ್ರಾಕರ್ ಮತ್ತು ಕಾನಿ ವುಲ್ಫ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ವಿಷಯ ಮುಂದಿಟ್ಟರು. ಒಬ್ಬರಿಗೆ ತಮ್ಮ ಬಗ್ಗೆ ಎಷ್ಟು ಗೌರವ ಇದೆ ಅಂತ ಅಳೆದರೆ ಸಾಲದು, ಆ ಗೌರವವನ್ನು ಅವರು ಯಾವ ಗೂಟಕ್ಕೆ ಕಟ್ಟಿದ್ದಾರೆ ಅಂತಲೂ ನೋಡಬೇಕು. ಕೆಲವರು ರೂಪಕ್ಕೆ, ಕೆಲವರು ಮಾರ್ಕ್ಸಿಗೆ, ಕೆಲವರು ನಾಲ್ಕು ಜನರ ಮಾತಿಗೆ, ಇನ್ನು ಕೆಲವರು ದೇವರ ಪ್ರೀತಿಗೆ ಕಟ್ಟಿರುತ್ತಾರೆ. ಆಮೇಲೆ 2017ರಲ್ಲಿ ಲೋರಾ ಪಾರ್ಕ್ ಮತ್ತು ಜೊತೆಗಾರರು ಹಣಕ್ಕೆ ಕಟ್ಟಿಕೊಂಡವರನ್ನೇ ಪ್ರತ್ಯೇಕವಾಗಿ ನೋಡಿದರು. ಇಂಥವರು ಹಣದ ವಿಷಯದಲ್ಲಿ ಬೇರೆಯವರ ಜೊತೆ ಜಾಸ್ತಿ ಹೋಲಿಸಿಕೊಳ್ಳುತ್ತಾರೆ, ಆತಂಕವೂ ಒತ್ತಡವೂ ಅವರಲ್ಲಿ ಜಾಸ್ತಿ. ಮುಖ್ಯವಾದ ಮಾತು ಏನೆಂದರೆ, ಅವರ ಹಣಕಾಸಿನ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ಹಾಗೆಯೇ ಉಳಿಯಿತು. ಎರಡು ಸೈಟು, ಒಂದು ಫ್ಲಾಟ್ ಇರುವವರೂ ನನ್ನ ಎದುರು ಕೂತು ಭಾವಮೈದನ ಮೂರನೇ ಸೈಟಿನ ಬಗ್ಗೆ ಕಣ್ಣೀರು ಹಾಕಿದ್ದು ಇದಕ್ಕೇ ಇರಬೇಕು. ನಗಬೇಡಿ, ಅವರಿಗೆ ನಿಜವಾಗಿಯೂ ನೋವಾಗಿತ್ತು.

ಹಾಗಂತ "ಹಣ ಮುಖ್ಯ ಅಲ್ಲ, ಮನಸ್ಸು ಮುಖ್ಯ" ಅನ್ನುವ ಬೋಧನೆ ನನಗೆ ಒಪ್ಪಿಗೆ ಇಲ್ಲ. ತಿಂಗಳ ಐದನೇ ತಾರೀಖು ಇಎಂಐ ಕಟ್ಟಬೇಕಾದವರ ಮುಂದೆ ಅದನ್ನು ಹೇಳುವುದು ಅವಮಾನ ಮಾಡಿದ ಹಾಗೆ. ಇನ್ನು, ಲೋಕವೂ ಮನುಷ್ಯರಿಗೆ ರೇಟು ಕಟ್ಟುತ್ತದೆ, ಅದು ಬರೀ ನಮ್ಮ ತಲೆಯೊಳಗಿನ ಕಲ್ಪನೆ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ನೆನಪಿದೆಯಾ? ತುಂಬಾ ಜನ ಅದನ್ನು ಜೋಕ್ ಮಾಡಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ರೈತರು. ಜಮೀನಿದೆ, ಮನೆಯಿದೆ, ಆದರೆ ತಿಂಗಳ ಸಂಬಳ ಇಲ್ಲ, ಬೆಂಗಳೂರು ಇಲ್ಲ. ಹಳ್ಳಿಯ ಹೆಣ್ಣುಮಕ್ಕಳು ಬೇಡ ಅನ್ನುವುದಕ್ಕೂ ಅವರದೇ ಕಾರಣಗಳಿವೆ, ಅಮ್ಮಂದಿರು ಹೊಲ, ಕೊಟ್ಟಿಗೆ, ಒಲೆ ಮೂರರ ಮಧ್ಯೆ ಸವೆದದ್ದನ್ನು ಅವರು ನೋಡಿದ್ದಾರೆ. ಆದರೆ ಹತ್ತು ಕಡೆ ಬೇಡ ಅನ್ನಿಸಿಕೊಂಡ ಹುಡುಗನಿಗೆ "ನಿನ್ನನ್ನು ನೀನು ಪ್ರೀತಿಸು" ಅಂದರೆ ಏನು ಪ್ರಯೋಜನ?

ಕನ್ನಡಿ ಮುಂದೆ ನಿಂತು "ನಾನು ಅಮೂಲ್ಯ, ನಾನು ಅಮೂಲ್ಯ" ಅಂತ ಹೇಳಿಕೊಳ್ಳಲು ಕಲಿಸುವ ರೀಲ್ಸ್ ಬೇಕಾದಷ್ಟಿವೆ. 2009ರಲ್ಲಿ ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು ಇಂಥದ್ದನ್ನೇ ಪರೀಕ್ಷೆ ಮಾಡಿದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡವರು ಇಂಥ ಮಾತು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಬಾಯಿ ಒಂದು ಹೇಳಿದರೆ ಒಳಗಿನಿಂದ "ಸುಳ್ಳು" ಅಂತ ಕೇಳಿಸುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡುತ್ತೀರಿ ಅಂತ ಕೇಳಬಹುದು. ನಾನು ಈ ಕೆಲಸದಲ್ಲಿ ಮತ್ತೆ ಮತ್ತೆ ನೆನೆಯುವುದು ಆಸ್ಟ್ರಿಯಾದ ಮರೀಂಥಾಲ್ ಅನ್ನುವ ಒಂದು ಊರನ್ನು. ಅಲ್ಲಿ ಇದ್ದದ್ದು ಒಂದೇ ಬಟ್ಟೆ ಗಿರಣಿ, ಅದು ಮುಚ್ಚಿಹೋಗಿ ಇಡೀ ಊರಿಗೆ ಕೆಲಸ ಹೋಯಿತು. ಮಾರಿ ಯಹೋಡಾ ಮತ್ತು ಜೊತೆಯವರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನೇ ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಕೆಲಸವಿಲ್ಲದ ಮೇಲೆ ಸಮಯ ಬೇಕಾದಷ್ಟು, ಓದು ಹೆಚ್ಚಾಗಬೇಕಿತ್ತು ಅಲ್ವಾ? ಊರಿನ ಗ್ರಂಥಾಲಯದಿಂದ ಜನ ಒಯ್ಯುವ ಪುಸ್ತಕಗಳು ಎರಡೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದಿದ್ದವು. ರಸ್ತೆಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ನಿಧಾನ, ಅಲ್ಲಲ್ಲಿ ನಿಂತು ನಿಂತು ಹೋಗುತ್ತಿದ್ದರು. ಹೆಂಗಸರು ಬೇಗ ಬೇಗ, ಯಾಕೆಂದರೆ ಅವರಿಗೆ ಕೂಲಿ ಹೋಗಿತ್ತು, ಮನೆಗೆಲಸ ಹೋಗಿರಲಿಲ್ಲ.

ಯಹೋಡಾ ಮುಂದೆ ಹೇಳಿದ್ದು ಇಷ್ಟು: ಕೆಲಸ ಸಂಬಳದ ಜೊತೆ ಬೇರೆ ಐದು ಸಂಗತಿ ತಂದುಕೊಡುತ್ತದೆ. ದಿನಕ್ಕೊಂದು ಕ್ರಮ, ಮನೆಯಾಚೆಯ ಜನ, ಎಲ್ಲರೂ ಸೇರಿ ಮಾಡುವ ಕೆಲಸದಲ್ಲಿ ಒಂದು ಪಾಲು, ಒಂದು ಸ್ಥಾನ, ಮತ್ತೆ ಕೈಗೆ ಕೆಲಸ. ದುಡ್ಡು ಹೋದಾಗ ಇವೂ ಒಟ್ಟಿಗೆ ಹೋಗುತ್ತವೆ, ನಾವು ಎಲ್ಲವನ್ನೂ ಸೇರಿಸಿ "ದುಡ್ಡು ಹೋಯ್ತು, ನನಗೆ ಬೆಲೆ ಇಲ್ಲ" ಅನ್ನುತ್ತೇವೆ. ನನ್ನ ಅನುಭವದಲ್ಲಿ ಈ ಗಂಟು ಬಿಡಿಸುವುದೇ ಅರ್ಧ ಕೆಲಸ. ದುಡ್ಡು ವಾಪಸ್ ಬರಲು ವರ್ಷಗಳು ಬೇಕಾಗಬಹುದು. ಉಳಿದದ್ದರಲ್ಲಿ ಒಂದೆರಡನ್ನು ಈ ವಾರವೇ ಶುರು ಮಾಡಬಹುದು.

ಆ ಟೈಲ್ಸ್ ಅಂಗಡಿಯವರಿಗೆ ನಾನು ಒಳ್ಳೆಯ ಗುಣಗಳ ಪಟ್ಟಿ ಬರೆಯಲು ಹೇಳಲಿಲ್ಲ. ಹೋದ ವಾರ ಯಾರು ನಿಮ್ಮನ್ನು ಏನು ಕೇಳಿಕೊಂಡು ಬಂದರು, ಅದನ್ನು ಮಾತ್ರ ಬರೆಯಿರಿ ಅಂದೆ. ಮೊದಲ ವಾರ ಖಾಲಿ ಹಾಳೆ ತಂದರು, ಮುಖದಲ್ಲಿ ಒಂಥರಾ ಗೆದ್ದ ಭಾವ. ಆಮೇಲೆ ಒಂದೊಂದಾಗಿ ಬಂತು. ಪಕ್ಕದ ಮನೆ ಅಜ್ಜಿಯ ಪಿಂಚಣಿ ಅರ್ಜಿ. ಬಚ್ಚಲಿನ ನೆಲಕ್ಕೆ ಇಳಿಜಾರು ಎಷ್ಟು ಬಿಡಬೇಕು ಅಂತ ಹಳೇ ಗಿರಾಕಿಯ ಫೋನು. ಮತ್ತೆ ಅಣ್ಣನದು, ಬೀಗರ ಊಟಕ್ಕೆ ಬಡಿಸುವವರನ್ನು ನೋಡಿಕೊಳ್ಳೋಕೆ ಯಾರೂ ಇರಲಿಲ್ಲ ಅನ್ನುವ ಬೈಗುಳ. "ಮುಯ್ಯಿ ಯಾವನು ಕೇಳಿದ್ನೋ? ಎರಡನೇ ಪಂಕ್ತಿಗೆ ಮುದ್ದೆ ಸಾಲದೆ ಮಾನ ಹೋಯ್ತು" ಅಂದಿದ್ದರಂತೆ.

ಇದರಿಂದ ಎಲ್ಲವೂ ಸರಿಹೋಯಿತು ಅಂತೇನಿಲ್ಲ. ಮುಂದಿನ ಮದುವೆಗೆ ಹೋದರು, ಐನೂರೇ ಬರೆಸಿದರು, ಒಬ್ಬ ನೆಂಟರು ಪುಸ್ತಕದೊಳಗೆ ಇಣುಕಿಯೂ ನೋಡಿದರಂತೆ. ಆ ರಾತ್ರಿ ನಿದ್ದೆ ಬಂದಿಲ್ಲ. ಸಾಲ ಇನ್ನೂ ಇದೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಬ್ಯಾಂಕಿನವರ ಜೊತೆ ಕೂತು ಕಂತು ಮಾತಾಡಿ ಅಂದೆ, ಮಾತಾಡಿದರು.

ಗೃಹಿಣಿಯರ ಕಥೆ ಇನ್ನೊಂದು ಥರ. "ನಾನು ಏನೂ ಕೆಲಸ ಮಾಡಲ್ಲ ಮೇಡಂ, ಮನೇಲೇ ಇರ್ತೀನಿ" ಅಂತ ಪರಿಚಯ ಮಾಡಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಐದು ಗಂಟೆ ದುಡಿದು ಏನೂ ಮಾಡಲ್ಲ ಅನ್ನುವುದು! ಗೃಹಲಕ್ಷ್ಮಿಯ ಎರಡು ಸಾವಿರ ಸ್ವಂತ ಖಾತೆಗೆ ಬರಲು ಶುರುವಾದ ಮೇಲೆ ಕೆಲವರು ನೆಟ್ಟಗೆ ಕೂತು ಮಾತಾಡುವುದನ್ನು ನೋಡಿದ್ದೇನೆ. ಅದಕ್ಕೇ ಹೇಳಿದ್ದು, ಹಣ ಮುಖ್ಯ ಅಲ್ಲ ಅನ್ನುವ ಮಾತನ್ನು ನಾನು ಆಡುವುದಿಲ್ಲ.

ಇನ್ನು ನೆಂಟರ ಪ್ರಶ್ನೆಗಳು. ಸೈಟು ತಗೊಂಡ್ರಾ, ಬಾಡಿಗೇನಾ ಸ್ವಂತದ್ದಾ, ಪ್ಯಾಕೇಜ್ ಎಷ್ಟು. ಇವನ್ನು ನಿಲ್ಲಿಸಲು ಯಾರಿಂದಲೂ ಆಗಿಲ್ಲ. ನಾವು ಮಾಡುವುದು ಉತ್ತರದ ಅಭ್ಯಾಸ, ಜೋರಾಗಿ, ಎದುರು ಬದುರು ಕೂತು. ನಾನು ಚಿಕ್ಕಪ್ಪ ಆಗುತ್ತೇನೆ. "ಬಾಡಿಗೆ ಮನೇಲೇ ಇದ್ದೀವಿ ಚಿಕ್ಕಪ್ಪ." ಅಲ್ಲಿಗೆ ಮುಗಿಸಬೇಕು. ಹೆಚ್ಚಿನವರಿಗೆ ಆಗುವುದಿಲ್ಲ, "ಆದ್ರೆ ಮುಂದಿನ ವರ್ಷ ನೋಡ್ತಾ ಇದ್ದೀವಿ, ಈ ಸಲ ಮಗನ ಫೀಸು ಇತ್ತು" ಅಂತ ಬಾಲ ಬೆಳೆಯುತ್ತದೆ. ನೋವು ಇರುವುದು ಆ ಬಾಲದಲ್ಲೇ, ಒಂದು ಕ್ಷಮೆ ಕೇಳುವ ದನಿ ಅದರಲ್ಲಿರುತ್ತದೆ. ಬಾಲವಿಲ್ಲದ ಉತ್ತರ ಬಾಯಿಗೆ ಬರಲು ದಿನ ಹಿಡಿಯುತ್ತದೆ. ಮನೆಯಲ್ಲೇ ಇಬ್ಬರು ಕೂತು ಮಾಡಿ ನೋಡಿ, ನಗು ಬರುತ್ತದೆ, ಬರಲಿ.

ನಿಮ್ಮ ಮನೆಯಲ್ಲಿ ಯಾರಾದರೂ ನಷ್ಟ ಆದ ಮೇಲೆ, ಕೆಲಸ ಹೋದ ಮೇಲೆ ಊಟ ನಿದ್ದೆ ಬಿಟ್ಟಿದ್ದರೆ, "ನಾನು ಇಲ್ಲದಿದ್ರೆ ನಿಮಗೇ ಅನುಕೂಲ" ಅನ್ನುವಂಥ ಮಾತು ಶುರುವಾಗಿದ್ದರೆ, ಈ ಅಭ್ಯಾಸಗಳನ್ನೆಲ್ಲ ಪಕ್ಕಕ್ಕಿಡಿ. ಅವರನ್ನು ಒಂಟಿ ಬಿಡಬೇಡಿ, ಜಿಲ್ಲಾಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.