ಕೊರೋನಾ ಎಲ್ಲರಿಗೂ ಗೊತ್ತಿತ್ತು, ನಿಮ್ಮ ಸೈಟ್ ನಿಂತದ್ದು ಯಾರಿಗೆ ಗೊತ್ತು?

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರೂ ಜಿಲ್ಲೆಗಳ ಗುತ್ತಿಗೆದಾರರು ಫೈಲು ಹಿಡಿದು ಬಂದಾಗ ಒಂದೇ ಮಾತು ಹೇಳುತ್ತಾರೆ. "ಸರ್, ಕೊರೋನಾ ಬಂದಿದ್ದು ಜಗತ್ತಿಗೇ ಗೊತ್ತೈತಿ. ಅದಕ್ಕೊಂದು ಪತ್ರ ಬ್ಯಾರೆ ಬರೀಬೇಕಿತ್ತೇನ್ರಿ?"

ಬರೀಬೇಕಿತ್ತು.

ತಡವಾದದ್ದಕ್ಕೆ ಹೆಚ್ಚಿನ ಸಮಯ ಸಿಗಬೇಕೋ, ದಂಡ ಬೀಳಬೇಕೋ ಎಂಬ 2020ರ ಕೆಲಸಗಳ ಜಗಳ ಇನ್ನೂ ಮುಗಿದಿಲ್ಲ. ಫೈಲು ಬಿಚ್ಚಿ ನೋಡಿದರೆ ಬಹಳಷ್ಟು ಕಡೆ ಕೆಲಸ ಗಟ್ಟಿಯಾಗಿದೆ, ಮನುಷ್ಯರು ಪ್ರಾಮಾಣಿಕರು, ಆದ ನಷ್ಟವೂ ನಿಜ. ಇಲ್ಲದ್ದು ಒಂದೇ. ಆ ದಿನ ಆ ಸೈಟಿನಲ್ಲಿ ಏನಾಯಿತು ಎಂದು ಹೇಳುವ ಒಂದು ಹಾಳೆ. ಇದನ್ನು ನೋಡಿ ನೋಡಿ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಈ ಜಾಗದಲ್ಲೇ ಎಲ್ಲರೂ ಎಡವುವುದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ರೋಗ ಬಂತು ಎನ್ನುವುದು ಒಂದು ವಿಷಯ. ರೋಗದಿಂದ ನಿಮ್ಮ ಕೆಲಸ ನಿಂತಿತು ಎನ್ನುವುದು ಬೇರೆ ವಿಷಯ. ಮೊದಲನೆಯದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಎರಡನೆಯದನ್ನು ನೀವೇ ತೋರಿಸಬೇಕು. 2020ರ ಮಾರ್ಚ್ 24ರ ಸಂಜೆ ನಿಮ್ಮ ಸೈಟಿನಲ್ಲಿ ಯಾವ ಕೆಲಸ ನಡೆದಿತ್ತು? ಸ್ಲ್ಯಾಬಿಗೆ ಕಬ್ಬಿಣ ಕಟ್ಟಿ ಮುಗಿದಿತ್ತಾ? ಬಾರ್ ಬೆಂಡಿಂಗ್ ಗ್ಯಾಂಗಿನಲ್ಲಿ ಎಷ್ಟು ಜನ ಇದ್ದರು? ಯಾವ ದಿನ ಹೋದರು? ಯಾವ ಆದೇಶ ನಿಮ್ಮನ್ನು ತಡೆಯಿತು? ಆ ಆದೇಶ ಯಾವತ್ತು ಸಡಿಲವಾಯಿತು? ಸಡಿಲವಾದ ಮೇಲೂ ಯಾಕೆ ಶುರು ಆಗಲಿಲ್ಲ?

ಕೊನೆಯ ಪ್ರಶ್ನೆಯಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಲಾಕ್‌ಡೌನ್ ಮಾರ್ಚ್ 25ಕ್ಕೆ ಶುರುವಾಯಿತು, ನಿಜ. ಆದರೆ ಕೇಂದ್ರ ಗೃಹ ಸಚಿವಾಲಯದ ಏಪ್ರಿಲ್ 15ರ ಆದೇಶ ನೋಡಿ. ಏಪ್ರಿಲ್ 20ರಿಂದ ಹಳ್ಳಿ ಕಡೆಯ ರಸ್ತೆ, ನೀರಾವರಿ, ಕಟ್ಟಡ ಕೆಲಸಗಳಿಗೆ ಅನುಮತಿ ಇತ್ತು. ಊರೊಳಗೂ, ಕೂಲಿಯವರು ಸೈಟಿನಲ್ಲೇ ಉಳಿದಿದ್ದರೆ, ಹೊರಗಿಂದ ಯಾರನ್ನೂ ತರಬೇಕಾಗಿಲ್ಲದಿದ್ದರೆ, ನಡೆದಿದ್ದ ಕೆಲಸ ಮುಂದುವರಿಸಬಹುದಿತ್ತು. ಕಂಟೇನ್‌ಮೆಂಟ್ ವಲಯಕ್ಕೆ ಮಾತ್ರ ಈ ಸಡಿಲಿಕೆ ಇರಲಿಲ್ಲ. ಹಾಗಾದರೆ ಬೆಳಗಾವಿ ತಾಲ್ಲೂಕಿನಲ್ಲೇ ಕಂಟೇನ್‌ಮೆಂಟ್ ವಲಯವಾಗಿದ್ದ ಹಿರೇಬಾಗೇವಾಡಿಯ ಸೈಟು ಬೇರೆ, ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಊರಿನ ಸೈಟು ಬೇರೆ. ಎರಡಕ್ಕೂ "ಕೊರೋನಾ ಕಾರಣ" ಎಂದು ಒಂದೇ ಸಾಲು ಬರೆದರೆ ಆಡಿಟ್‌ನವರು ಒಪ್ಪುವುದಿಲ್ಲ. ಅವರು ಒಪ್ಪದಿರುವುದು ಸರಿಯೇ.

ಕೂಲಿಕಾರರ ವಿಷಯವೂ ಹೀಗೇ. ವಿಜಯಪುರ ಜಿಲ್ಲೆಯ ತಾಂಡಾಗಳ ಜನ ದುಡಿಯಲು ಗೋವಾಕ್ಕೆ, ಮಹಾರಾಷ್ಟ್ರಕ್ಕೆ, ಮಂಗಳೂರು ಕಡೆಗೆ ಹೋಗುತ್ತಾರೆ. 2020ರಲ್ಲಿ ಅವರೆಲ್ಲ ಊರಿಗೆ ಬಂದರು. ಆಗ ಒಂದು ಕಾಲುವೆ ಕೆಲಸದಲ್ಲಿ ಗುತ್ತಿಗೆದಾರರು "ಲೇಬರ್ ಇಲ್ಲ" ಎಂದು ಬರೆದರು. ಇಲಾಖೆಯವರು ತಿರುಗಿ ಕೇಳಿದರು: "ತಾಂಡಾ ತುಂಬ ಜನ ಅದಾರ, ನರೇಗಾ ಕೆಲಸಕ್ಕ ಅರ್ಜಿ ಹಾಕ್ಯಾರ, ನಿಮಗ ಲೇಬರ್ ಹೆಂಗ ಸಿಗಲಿಲ್ಲ?" ಉತ್ತರ ಸುಲಭವಾಗಿತ್ತು. ಮಣ್ಣು ಕೆಲಸಕ್ಕೆ ಜನ ಇದ್ದರು. ನಿಂತದ್ದು ಲೈನಿಂಗ್ ಮತ್ತು ಕಾಂಕ್ರೀಟ್ ಕೆಲಸ. ಅದಕ್ಕೆ ಬೇಕಾದ ಸೆಂಟ್ರಿಂಗ್, ಬಾರ್ ಬೆಂಡಿಂಗ್ ಗ್ಯಾಂಗುಗಳು ಬಿಹಾರ, ಜಾರ್ಖಂಡ್‌ನವು, ಮೇ ತಿಂಗಳ ಶ್ರಮಿಕ್ ರೈಲುಗಳಲ್ಲಿ ಹೋಗಿದ್ದವು. ಹಾಜರಿ ಪುಸ್ತಕದಲ್ಲಿ ಕಸುಬಿನ ಪ್ರಕಾರ ಹೆಸರು ಬೇರೆ ಬೇರೆ ಬರೆದಿದ್ದರೆ ಐದು ನಿಮಿಷದ ಮಾತು. ಬರೆದಿರಲಿಲ್ಲ. ಎಲ್ಲರೂ "ಕೂಲಿ" ಎಂಬ ಒಂದೇ ಕಾಲಮ್ಮಿನಲ್ಲಿದ್ದರು.

ಇನ್ನು ಫೆಬ್ರವರಿ 19ರ ಮಾತು. ನಮ್ಮ ಭಾಗದವರಿಗೆ ಅತಿ ಹೆಚ್ಚು ಪೆಟ್ಟು ಕೊಟ್ಟದ್ದು ಇದು.

ಕೇಂದ್ರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2020ರ ಫೆಬ್ರವರಿ 19ರಂದು ಒಂದು ಜ್ಞಾಪನ ಹೊರಡಿಸಿತು. ಕೊರೋನಾದಿಂದ ಸರಕು ಪೂರೈಕೆ ತಪ್ಪಿದರೆ ಅದನ್ನು ನೈಸರ್ಗಿಕ ವಿಕೋಪ ಎಂದು ನೋಡಬಹುದು, ಸರಿಯೆನಿಸಿದ ಕಡೆ ಫೋರ್ಸ್ ಮೆಜೂರ್ ಕಲಮು (ಕೈಮೀರಿದ ಘಟನೆಯಿಂದ ಕೆಲಸ ತಪ್ಪಿದರೆ ರಕ್ಷಣೆ ಕೊಡುವ ಕಲಮು) ಬಳಸಬಹುದು ಎಂದಿತು. ಘಟನೆ ಆದ ತಕ್ಷಣ ನೋಟಿಸು ಕೊಡಬೇಕು, ಎಲ್ಲ ಮುಗಿದ ಮೇಲೆ ಕೇಳುವ ಹಾಗಿಲ್ಲ ಎನ್ನುವುದನ್ನೂ ಅದರಲ್ಲೇ ನೆನಪಿಸಿತ್ತು. ಮೇ 13ಕ್ಕೆ ಇನ್ನೊಂದು ಜ್ಞಾಪನ ಬಂತು. ಫೆಬ್ರವರಿ 20 ಅಥವಾ ನಂತರ ಮುಗಿಸಬೇಕಿದ್ದ ಕೆಲಸಗಳಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳಿಗೆ ಮೀರದೆ, ದಂಡವಿಲ್ಲದೆ ಅವಧಿ ವಿಸ್ತರಣೆ. ಒಳ್ಳೆಯ ಆದೇಶ. ಆದರೆ ಅದರಲ್ಲೊಂದು ಷರತ್ತು: ಫೆಬ್ರವರಿ 19ಕ್ಕೆ ನೀವು ಒಪ್ಪಂದದ ಪ್ರಕಾರ ಬಾಕಿದಾರರಾಗಿರಬಾರದು, ಅಂದರೆ ಆ ಹೊತ್ತಿಗೆ ಮಾಡಬೇಕಿದ್ದ ಕೆಲಸ ತಪ್ಪಿಸಿರಬಾರದು.

ಈಗ 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಬಾಗಲಕೋಟೆ ಜಿಲ್ಲೆಯಲ್ಲಿ ಕೇಂದ್ರದ ಒಂದು ಇಲಾಖೆಗೆ ಸೇತುವೆ ಕಟ್ಟುತ್ತಿದ್ದ ಗುತ್ತಿಗೆದಾರರೊಬ್ಬರ ಸೆಂಟ್ರಿಂಗ್ ಸಾಮಾನು ಹೊಳೆಪಾಲಾಯಿತು. ಅಪ್ರೋಚ್ ರಸ್ತೆಯ ಮಣ್ಣು ಕೊಚ್ಚಿಹೋಯಿತು. ಎಂಜಿನಿಯರ್ ಸಾಹೇಬರು ಬಂದು ನೋಡಿದರು, ಮರುಗಿದರು. "ನಿಮ್ಮ ತಪ್ಪೇನೈತ್ರಿ ಇದರಾಗ? ಟೈಮ್ ಕೊಡೂಣು, ಆಮ್ಯಾಲೆ ನೋಡೂಣು" ಅಂದರು. ಮನಸ್ಸಿನಿಂದಲೇ ಅಂದ ಮಾತು ಅದು. ಇವರೂ ನಂಬಿದರು. ನೀರು ಇಳಿದ ಮೇಲೆ ಸಾಲ ಮಾಡಿ ಹೊಸ ಸಾಮಾನು ತಂದು ಕೆಲಸ ಹಿಡಿದರು. ಅವಧಿ ವಿಸ್ತರಣೆಯ ಅರ್ಜಿ ಕೊಡಲಿಲ್ಲ. ಡಿಸೆಂಬರ್‌ನ ಮೈಲ್‌ಸ್ಟೋನ್, ಅಂದರೆ ಆ ಹಂತದ ಗಡುವು, ತಪ್ಪಿತು. ಸಾಹೇಬರು ವರ್ಗವಾದರು. ಲಾಕ್‌ಡೌನ್ ಮುಗಿದ ಮೇಲೆ ಇವರು ಮೇ 13ರ ಜ್ಞಾಪನ ಹಿಡಿದು ಹೋದಾಗ ಹೊಸ ಅಧಿಕಾರಿ ಫೈಲು ತಿರುವಿದರು. ಫೆಬ್ರವರಿ 19ಕ್ಕೆ ಕಾಗದದ ಮೇಲೆ ಇವರು ಬಾಕಿದಾರರು. ಪರಿಹಾರ ಇಲ್ಲ, ಮೇಲೆ ದಂಡದ ನೋಟಿಸು.

ಹೊಸ ಅಧಿಕಾರಿಯನ್ನು ನಾನು ಬೈಯುವುದಿಲ್ಲ. ಅವರ ಮುಂದೆ ಇದ್ದದ್ದು ಫೈಲು ಮಾತ್ರ. ನದಿಯ ಗೇಜ್ ರೀಡಿಂಗ್, ಪ್ರವಾಹದ ಪಂಚನಾಮೆ ಎಲ್ಲ ಹುಡುಕಿ ತೆಗೆದು ದಂಡ ಕಡಿಮೆ ಮಾಡಿಸುವಷ್ಟರಲ್ಲಿ ಆ ಮನುಷ್ಯ ಹೆಂಡತಿಯ ಬಂಗಾರ ಅಡವಿಟ್ಟಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಒಂದು ಪುಟದ ಅರ್ಜಿ ಕೊಟ್ಟು ಆವಕ ನಂಬರ್ ಹಾಕಿಸಿಕೊಂಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಕೋರ್ಟುಗಳೂ ಇದನ್ನೇ ನೋಡುತ್ತವೆ. 2020ರ ಮೇ 29ರಂದು ದೆಹಲಿ ಹೈಕೋರ್ಟ್ ಗುತ್ತಿಗೆದಾರ ಕಂಪನಿ ಹ್ಯಾಲಿಬರ್ಟನ್ ಮತ್ತು ಕೆಲಸ ಕೊಟ್ಟ ವೇದಾಂತ ನಡುವಿನ ಪ್ರಕರಣದಲ್ಲಿ ಹೇಳಿದ್ದು ಸ್ಪಷ್ಟವಾಗಿದೆ. ಗುತ್ತಿಗೆದಾರರು 2019ರ ಸೆಪ್ಟೆಂಬರ್‌ನಿಂದಲೇ ಒಪ್ಪಂದ ತಪ್ಪಿದ್ದರು, ಮಾರ್ಚ್‌ನ ಲಾಕ್‌ಡೌನ್ ಆ ಹಳೆಯ ತಪ್ಪನ್ನು ತೊಳೆಯುವುದಿಲ್ಲ.

ಒಂದು ಎಚ್ಚರಿಕೆ. ಮೇಲಿನ ಜ್ಞಾಪನಗಳು ಕೇಂದ್ರದ ಟೆಂಡರುಗಳಿಗೆ. ನಿಮ್ಮದು ರಾಜ್ಯದ ನಿಗಮದ ಕೆಲಸವೋ, ನಗರಸಭೆಯದೋ, ಲೋಕೋಪಯೋಗಿ ಇಲಾಖೆಯದೋ ಆಗಿದ್ದರೆ ನಿಮ್ಮ ಅಗ್ರಿಮೆಂಟು ಮತ್ತು ರಾಜ್ಯದ ಆದೇಶಗಳನ್ನೇ ನೋಡಬೇಕು. ಖಾಸಗಿ ಕೆಲಸವಾದರೆ ಅಗ್ರಿಮೆಂಟೇ ಎಲ್ಲ. ಅದರಲ್ಲಿ ಇಂಥ ಕಲಮೇ ಇಲ್ಲದಿದ್ದರೆ 1872ರ ಕರಾರು ಕಾಯ್ದೆಯ ಸೆಕ್ಷನ್ 56ಕ್ಕೆ ಹೋಗಬೇಕು. ಕೆಲಸ ಅಸಾಧ್ಯವೇ ಆಯಿತು ಎಂದು ಅಲ್ಲಿ ತೋರಿಸಬೇಕು. ಕಷ್ಟವಾಯಿತು, ದುಬಾರಿಯಾಯಿತು ಎಂದರೆ ಸಾಲದು. ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲೇ ಬೆಲೆ ಏರಿಕೆ ಅಷ್ಟರಿಂದಲೇ ಫೋರ್ಸ್ ಮೆಜೂರ್ ಆಗುವುದಿಲ್ಲ ಎಂದಿದೆ. 2020ರ ಕೊನೆಗೆ ಕಬ್ಬಿಣದ ದರ ಏರಿತಲ್ಲ, ಆಗ ನನ್ನ ಹತ್ತಿರ ಬಂದವರಿಗೆಲ್ಲ ಈ ಮಾತು ಹೇಳಿ ಬೇಸರ ಮಾಡಿದ್ದೇನೆ.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಂಥ ಕಲಮುಗಳು ಸಾಮಾನ್ಯವಾಗಿ ಸಮಯ ಕೊಡುತ್ತವೆ, ಹಣ ಕೊಡುವುದಿಲ್ಲ. ದೊಡ್ಡ ಕೆಲಸಗಳಲ್ಲಿ ಬಳಸುವ 1999ರ ಫಿಡಿಕ್ ಕೆಂಪು ಪುಸ್ತಕದಲ್ಲಿ (ಅಂತರರಾಷ್ಟ್ರೀಯ ಮಾದರಿ ಒಪ್ಪಂದ ಅದು) ಕೂಡ ಸಾಂಕ್ರಾಮಿಕದಿಂದ ಅನಿರೀಕ್ಷಿತವಾಗಿ ಜನ, ಸಾಮಾನು ಸಿಗದಿದ್ದರೆ ಅವಧಿ ಸಿಗುತ್ತದೆ. ಸರ್ಕಾರದ ಆದೇಶವನ್ನೇ ಕಾನೂನಿನ ಬದಲಾವಣೆ ಎಂದು ತೋರಿಸಿ ಖರ್ಚು ಕೇಳುವ ದಾರಿ ಇದೆ, ಆದರೆ ಅದು ವಾದದ ದಾರಿ, ಖಾತ್ರಿಯ ದಾರಿ ಅಲ್ಲ. ಅದೇ ಪುಸ್ತಕದಲ್ಲಿ ಫೋರ್ಸ್ ಮೆಜೂರ್ ನೋಟಿಸಿಗೆ 14 ದಿನ, ಕ್ಲೇಮ್ ನೋಟಿಸಿಗೆ 28 ದಿನ.

ಅವಧಿ ವಿಸ್ತರಣೆಯ ಅರ್ಜಿಯಲ್ಲಿ "ಯಾವುದೇ ಹೆಚ್ಚುವರಿ ಹಣ ಕೇಳುವುದಿಲ್ಲ" ಎಂಬ ಮುಚ್ಚಳಿಕೆ ಸಾಲು ಎಷ್ಟೋ ಕಡೆ ಮೊದಲೇ ಅಚ್ಚಾಗಿರುತ್ತದೆ. ಓದದೇ ಸಹಿ ಮಾಡಬೇಡಿ. ಹಕ್ಕು ಉಳಿಸಿಕೊಂಡು ಸಹಿ ಮಾಡಲು ಆಗುತ್ತದೆಯೇ ಎಂದು ವಕೀಲರನ್ನು ಮೊದಲು ಕೇಳಿ. ಸಹಿ ಆದ ಮೇಲೆ ಕೇಳಿದರೆ ಅವರಾದರೂ ಏನು ಮಾಡಿಯಾರು?

ಕೆಲಸ ಮಾಡಿಸುವವರಿಗೂ ಎರಡು ಮಾತು. ಪತ್ರ ಬಂದರೆ ಉತ್ತರ ಕೊಡದೇ ಇರುವುದೇ ಕ್ಷೇಮ ಎಂದು ತಿಳಿದವರು ಬಹಳ ಇದ್ದಾರೆ. ಒಂದು ಸಕ್ಕರೆ ಕಾರ್ಖಾನೆಯವರು ಹಾಗೇ ಸುಮ್ಮನಿದ್ದು, ಕೊನೆಗೆ ಬ್ಯಾಂಕ್ ಗ್ಯಾರಂಟಿ ನಗದು ಮಾಡಿಕೊಂಡು ಗುತ್ತಿಗೆ ರದ್ದು ಮಾಡಿದರು. 2021ರ ದರದಲ್ಲಿ ಉಳಿದ ಕೆಲಸಕ್ಕೆ ಹೊಸಬರನ್ನು ಹುಡುಕಿದಾಗ ಗ್ಯಾರಂಟಿಯ ಹಣ ಆ ವ್ಯತ್ಯಾಸಕ್ಕೂ ಸಾಲಲಿಲ್ಲ. ಹಳೆಯ ಗುತ್ತಿಗೆದಾರರ ಜೊತೆ ಕೂತು "ಯಾವ ತಾರೀಖಿಗೆ ಎಷ್ಟು ಜನ ತರ್ತೀರಿ" ಎಂದು ಹೊಸ ಬಾರ್ ಚಾರ್ಟ್ (ಕೆಲಸದ ವೇಳಾಪಟ್ಟಿ) ಬರೆಸಿಕೊಂಡಿದ್ದರೆ ಇಬ್ಬರೂ ಉಳಿಯುತ್ತಿದ್ದರು. ಇನ್ನೊಂದು: ಆಗಲೇ ಮಾಡಿ ಮುಗಿಸಿದ ಕೆಲಸದ ಬಿಲ್ಲಿಗೆ ಕೊರೋನಾ ಕಾರಣ ಆಗುವುದಿಲ್ಲ. ಫಿಡಿಕ್‌ನಲ್ಲಿ ಹಣ ಕೊಡುವ ಹೊಣೆಗೆ ಫೋರ್ಸ್ ಮೆಜೂರ್ ಅನ್ವಯಿಸುವುದೇ ಇಲ್ಲ. ನಿಮ್ಮ ಬಿಲ್ಲು ತಡವಾದರೆ ಅವರ ಕೂಲಿಯವರು ಉಪವಾಸ, ಅಲ್ವಾ?

ಒಳ್ಳೆಯ ದಾಖಲೆ ಇಟ್ಟವರೂ ಇದ್ದಾರೆ. ಇಂಡಿ ತಾಲ್ಲೂಕಿನ ಒಂದು ಸೈಟಿನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗಿ ಸೂಪರ್‌ವೈಸರ್ ಆಗಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದ ಸೈಟ್ ಡೈರಿಯಲ್ಲಿ ದಿನಾ ನಾಲ್ಕು ಸಾಲು. ಯಾರು ಹೋದರು, ಯಾರು ಉಳಿದರು, ಉಳಿದವರಿಗೆ ಎಷ್ಟು ರೇಷನ್ ಕೊಟ್ಟೆವು, ಖಡಿ ಲಾರಿ ಎಲ್ಲಿ ತಡೆದರು, ಜೆಸಿಬಿ ಎಷ್ಟು ದಿನ ಸುಮ್ನೆ ನಿಂತಿತ್ತು. ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಪ್ರವಾಹ ಬಂದಾಗ ಅದನ್ನೂ ಬೇರೆಯಾಗಿ ಬರೆದಳು. ಕೊರೋನಾದಿಂದ ಹೋದ ದಿನ ಯಾವುದು, ಹೊಳೆಯಿಂದ ಹೋದ ದಿನ ಯಾವುದು ಎಂದು ಬೇರ್ಪಡಿಸಲು ಆಮೇಲೆ ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಆ ಡೈರಿ ಹಿಡಿದಾಗ ಎಷ್ಟು ಖುಷಿಯಾಯಿತು ಅಂದರೆ, ಅವಳ ಮಾಲೀಕರಿಗೆ ಫೋನ್ ಮಾಡಿ "ಈ ಹುಡುಗೀನ್ನ ಬಿಡಬ್ಯಾಡ್ರಿ" ಎಂದೆ.

ಡೈರಿ ಇಲ್ಲ, ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಇದೆ ಎನ್ನುವವರು ಆ ಫೋನನ್ನು ಜೋಪಾನ ಮಾಡಿ. ಮೆಸೇಜನ್ನು ಸಾಕ್ಷಿಯಾಗಿ ಕೊಡಲು ಪ್ರಮಾಣಪತ್ರ ಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಅವಧಿ ವಿಸ್ತರಣೆ ಸಿಕ್ಕಿದಾಗ ಬ್ಯಾಂಕ್ ಗ್ಯಾರಂಟಿ ಮತ್ತು ಕಾಮಗಾರಿ ವಿಮೆಯ ತಾರೀಖನ್ನೂ ಜೊತೆಗೇ ಮುಂದೂಡಿ. ಕೆಲಸ ನಿಂತ ವಿಷಯವನ್ನು ವಿಮೆಯವರಿಗೂ ಬರೆದು ತಿಳಿಸಿ.

"ಸುಪ್ರೀಂ ಕೋರ್ಟೇ ಅವಧಿ ಬಿಟ್ಟುಕೊಟ್ಟೈತಲ್ಲರಿ" ಎನ್ನುವವರಿಗೆ ಉತ್ತರ ಹೇಳಲೇಬೇಕು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಕೋರ್ಟ್ ಲೆಕ್ಕದಿಂದ ಬಿಟ್ಟದ್ದು ದಾವೆ, ಅಪೀಲು, ಆರ್ಬಿಟ್ರೇಷನ್‌ನಂಥ ಕಾನೂನಿನ ಗಡುವುಗಳಿಗೆ. ನಿಮ್ಮ ಅಗ್ರಿಮೆಂಟಿನ 28 ದಿನದ ನೋಟಿಸು ಗಡುವಿಗೆ ಅದು ತಾನಾಗಿ ಹೊಂದುತ್ತದೆ ಎಂದು ನಂಬಿ ಕೂರಬೇಡಿ. ನೋಟಿಸಿನ ಗಡುವು ತಪ್ಪಿದರೂ ಹಕ್ಕು ಪೂರ್ತಿ ಹೋಗದು ಎಂದು ಕರಾರು ಕಾಯ್ದೆಯ ಸೆಕ್ಷನ್ 28 ಹಿಡಿದು ವಾದಿಸುವವರಿದ್ದಾರೆ. ಗೆಲ್ಲುವುದು ಬಿಡುವುದು ಪ್ರಕರಣಕ್ಕೆ ಬಿಟ್ಟದ್ದು. ಆ ಎರಡು ವರ್ಷದೊಳಗೆ ಹುಟ್ಟಿದ ಕ್ಲೇಮಿಗೆ ಸಾಮಾನ್ಯವಾಗಿ ದಾವೆ ಹೂಡಲು ಇರುವ ಮೂರು ವರ್ಷದ ಲೆಕ್ಕ 2022ರ ಮಾರ್ಚ್ 1ರಿಂದ ಶುರು, 2025ರ ಫೆಬ್ರವರಿ ಕೊನೆಗೆ ಮುಗಿತು. ಅದಕ್ಕೂ ಮೊದಲು ಇಲಾಖೆಯವರು ಬಾಕಿ ಒಪ್ಪಿ ಬರೆದ ಪತ್ರವೋ, ಲಿಖಿತ ದಾಖಲೆಯಿರುವ ಭಾಗಶಃ ಪಾವತಿಯೋ ಇದ್ದರೆ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗಬಹುದು. ಅಂಥ ಪತ್ರ ನಿಮ್ಮ ಕಪಾಟಿನಲ್ಲಿದ್ದರೆ ಈ ವಾರವೇ ವಕೀಲರಿಗೆ ತೋರಿಸಿ.