ಬೂದು ಗಿಣಿಯ ಬಾಲಕ್ಕೆ ಆ ಕೆಂಪು ಎಲ್ಲಿಂದ ಬಂತು?

ಮೆಣಸಿನಹಣ್ಣು ತಿಂದೂ ತಿಂದೂ ಗಿಣಿಯ ಮೂತಿ ಕೆಂಪಾಯ್ತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಆಗ ನಂಬಿದ್ದೆ. ಮೊನ್ನೆ ಪರಿಚಯದವರೊಬ್ಬರು, ಚೆನ್ನಾಗಿ ಓದಿಕೊಂಡವರೇ, ಅದೇ ಧಾಟಿಯ ಮಾತು ಹೇಳಿದರು. ಆಫ್ರಿಕಾದ ಬೂದು ಗಿಣಿ ಕಾಡಿನಲ್ಲಿ ಎಣ್ಣೆತಾಳೆಯ ಕೆಂಪು ಹಣ್ಣು ತಿನ್ನುತ್ತದಂತೆ, ಅದಕ್ಕೇ ಅದರ ಬಾಲ ಕೆಂಪಂತೆ. ತಾಳೆಹಣ್ಣು ತಿನ್ನುವುದು ನಿಜ. ಬಾಲ ಕೆಂಪಗಿರುವುದೂ ನಿಜ. ಒಂದರಿಂದ ಇನ್ನೊಂದು ಬಂತು ಅನ್ನುವುದು ಮಾತ್ರ ಸುಳ್ಳು.

ಈ ಗಿಣಿಯನ್ನು ನೈಜೀರಿಯಾದ ಯೊರೂಬಾ ಜನರಷ್ಟು ತಲೆಗೆ ಹಚ್ಚಿಕೊಂಡವರು ಕಡಿಮೆ. ಅವರು ಅದನ್ನು ಒಡಿಡೆರೆ ಅನ್ನುತ್ತಾರೆ. ಇನ್ನೊಂದು ಹೆಸರು ಅಯೆಕೋಟೊ. ಬಿಡಿಸಿ ಹೇಳಿದರೆ 'ಲೋಕಕ್ಕೆ ಸತ್ಯ ಬೇಡ' ಅಂತ. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿಬಿಡುವ ಹಕ್ಕಿ ಅದು. ಮನೆಯೊಳಗಿನ ಗುಟ್ಟು ಅಂಗಳಕ್ಕೆ ಬಂದರೆ ಯಾರಿಗೆ ತಾನೇ ಇಷ್ಟ? ಹಕ್ಕಿಗೆ ಹೆಸರಿಡುವ ನೆಪದಲ್ಲಿ ಮನುಷ್ಯರನ್ನೇ ಬೈದಿದ್ದಾರೆ ನೋಡಿ.

ಒಶುನ್ ರಾಜ್ಯದ ಇವೊ ಪಟ್ಟಣವನ್ನು ಹೊಗಳುವಾಗ 'ಒಡಿಡೆರೆಯ ಮನೆ' ಅನ್ನುತ್ತಾರೆ. ದೂರ ಹೊರಟವರಿಗೆ ಒಂದು ಹಾರೈಕೆಯೂ ಇದೆ: ಒಡಿಡೆರೆ ಮೇಯಲು ಹೋದ ಜಾಗದಲ್ಲಿ ಸಾಯುವುದಿಲ್ಲ. ಅಂದರೆ ನೀನೂ ಕ್ಷೇಮವಾಗಿ ಹೋಗಿ ಬಾ ಅಂತ. ಇದು ಸುಮ್ನೆ ಹುಟ್ಟಿದ ಮಾತಲ್ಲ. ಬೂದು ಗಿಣಿಗಳು ರಾತ್ರಿ ಎತ್ತರದ ಮರಗಳಲ್ಲಿ ದೊಡ್ಡ ಗುಂಪಾಗಿ ತಂಗುತ್ತವೆ. ಬೆಳಕು ಹರಿಯುವಾಗ ಚಿಕ್ಕ ಚಿಕ್ಕ ಗುಂಪಾಗಿ ದೂರ ಮೇಯಲು ಹೋಗುತ್ತವೆ, ಸಂಜೆ ಗದ್ದಲ ಎಬ್ಬಿಸುತ್ತಾ ಮರಳುತ್ತವೆ. ದಿನಾ ಆಕಾಶ ನೋಡಿದವರಿಗಷ್ಟೇ ಹೊಳೆಯುವ ಹಾರೈಕೆ ಇದು. ಜಾನಪದ ಅಂದ ತಕ್ಷಣ ಮೂಢನಂಬಿಕೆ ಅಂತ ಮುಖ ತಿರುಗಿಸುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಎಲ್ಲ ವಿಜ್ಞಾನವೂ ಪೂರ್ವಜರಿಗೆ ಮೊದಲೇ ಗೊತ್ತಿತ್ತು ಅನ್ನುವವರ ಬಗ್ಗೆ ಇನ್ನೂ ಕಡಿಮೆ.

ಈ ಹಕ್ಕಿಯ ಮೊಟ್ಟೆಗೂ ಒಂದು ಭಯಂಕರ ಚರಿತ್ರೆ ಇದೆ. ಹಳೆಯ ಒಯೊ ಸಾಮ್ರಾಜ್ಯದಲ್ಲಿ ಅಲಾಫಿನ್ ಅಂದರೆ ದೊರೆ. ಅವನ ಮೇಲೊಂದು ಕಣ್ಣಿಡಲು ಒಯೊ ಮೆಸಿ ಅನ್ನುವ ಏಳು ಜನ ಹಿರಿಯರ ಸಭೆ, ಅದರ ಮುಖ್ಯಸ್ಥ ಬಶೋರುನ್. ದೊರೆ ಮಿತಿ ಮೀರಿದ ಅಂತ ಸಭೆಗೆ ಅನ್ನಿಸಿದರೆ ಅವನಿಗೆ ಗಿಣಿಯ ಮೊಟ್ಟೆಗಳನ್ನೋ ಖಾಲಿ ಸೋರೆ ಬುರುಡೆಯನ್ನೋ ಕಳಿಸುತ್ತಿದ್ದರು. ಮಾತಿಲ್ಲ, ಪತ್ರವಿಲ್ಲ. ನೋಡಿದ ದೊರೆಗೆ ಅರ್ಥವಾಗುತ್ತಿತ್ತು: ಇನ್ನು ನೀನು ಬದುಕಬಾರದು. ಗಾಹಾ ಅನ್ನುವ ಬಶೋರುನ್ ಒಬ್ಬರಾದ ಮೇಲೊಬ್ಬರಂತೆ ದೊರೆಗಳನ್ನು ಸಾವಿಗೆ ತಳ್ಳಿದ. ಕೊನೆಗೆ 1774ರಲ್ಲಿ ಅಬಿಯೋಡುನ್ ಅನ್ನುವ ದೊರೆ ಅವನನ್ನೇ ಉರುಳಿಸಿದ. ಬೂದು ಗಿಣಿ ಗೂಡು ಮಾಡುವುದು ಎತ್ತರದ ಮರಗಳ ಪೊಟರೆಯಲ್ಲಿ. ಅಲ್ಲಿಂದ ಮೊಟ್ಟೆ ಒಡೆಯದಂತೆ ಇಳಿಸಿಕೊಂಡು ಬಂದವನ ಕೈ ಎಷ್ಟು ನಡುಗಿರಬೇಡ!

ಇರಲಿ, ಬಾಲಕ್ಕೆ ಬರೋಣ.

ಯೊರೂಬಾ ಆಚರಣೆಗಳಲ್ಲಿ ಈ ಕೆಂಪು ಗರಿಗೆ ಬಹಳ ಬೆಲೆ. ಗುಲಾಮರ ಹಡಗುಗಳಲ್ಲಿ ಜನರ ಜೊತೆ ಆ ನಂಬಿಕೆಯೂ ಬ್ರೆಜಿಲ್ ತಲುಪಿತು. ಅಲ್ಲಿನ ಕಾಂಡೊಂಬ್ಲೆ ಪಂಥದಲ್ಲಿ ಗರಿಯ ಹೆಸರು ಎಕೊಡಿಡೆ, ದೀಕ್ಷೆ ಪಡೆಯುವವರ ಹಣೆಗೆ ಒಂದು ಗರಿ ಕಟ್ಟುತ್ತಾರೆ. ಬ್ರೆಜಿಲ್‌ನ ಬಹಿಯಾ ಕಡೆ ಹೇಳುವ ಕಥೆಯಲ್ಲಿ, ಬಿಳಿ ಬಿಟ್ಟು ಬೇರೆ ಬಣ್ಣ ಮುಟ್ಟದ ಒಶಾಲಾ ದೇವರ ಸೇವೆಯಲ್ಲಿ ಒಬ್ಬ ಹೆಂಗಸು ಇರುತ್ತಾಳೆ. ಅವಳು ಕೂತಲ್ಲೇ ರಕ್ತ ಹರಿದು ಬಟ್ಟೆಯೆಲ್ಲ ಕೆಂಪಾಗುತ್ತದೆ. ಎಲ್ಲರೂ ದೂರ ಸರಿಯುತ್ತಾರೆ. ಒಶುನ್ ದೇವತೆ ಮಾತ್ರ ಅವಳನ್ನು ಒಳಗೆ ಕರೆದು, ಆ ರಕ್ತವನ್ನೇ ಕೆಂಪು ಗರಿಗಳಾಗಿ ಮಾಡುತ್ತಾಳೆ. ಒಶಾಲಾ ಬಂದು ಒಂದು ಗರಿ ಎತ್ತಿ ತನ್ನ ತಲೆಗೇ ಮುಡಿದುಕೊಳ್ಳುತ್ತಾನೆ. ಮುಟ್ಟು ಅಂದರೆ ಮೈಲಿಗೆ ಅಂತ ಮೂಲೆಯಲ್ಲಿ ಕೂರಿಸುವವರು ಈ ಕಥೆಯನ್ನು ಎರಡು ಸಲ ಓದಲಿ.

ಕಥೆಯಲ್ಲಿ ಕೆಂಪು ಬಂದದ್ದು ಒಳಗಿನಿಂದ. ರಸಾಯನವಿಜ್ಞಾನ ಹೇಳುವುದೂ ಅದನ್ನೇ. ಯೊರೂಬಾ ಹಿರಿಯರಿಗೆ ರಸಾಯನ ಗೊತ್ತಿತ್ತು ಅಂತಲ್ಲ, ತಾಳಕ್ಕೆ ತಾಳ ಕೂಡಿತು, ಅಷ್ಟೇ.

ಫ್ಲೆಮಿಂಗೊದ ಗುಲಾಬಿ ಬಣ್ಣ ಆಹಾರದಿಂದ ಬರುತ್ತದೆ. ಪಾಚಿ, ಸಿಗಡಿಗಳಲ್ಲಿರುವ ಕೆರೊಟಿನಾಯ್ಡ್ ಅನ್ನುವ ಬಣ್ಣದ ವಸ್ತು ಹೊಟ್ಟೆಗೆ ಹೋಗಿ ಗರಿಗೆ ಇಳಿಯುತ್ತದೆ. ಗಿಣಿಯ ರಕ್ತದಲ್ಲೂ ಕೆರೊಟಿನಾಯ್ಡ್ ಓಡಾಡುತ್ತದೆ. ಆದರೆ ಅದು ಗರಿಯೊಳಗೆ ಕಾಲಿಡುವುದಿಲ್ಲ. ಮನೆ ಮುಂದೆ ಬಣ್ಣದ ಗಾಡಿ ನಿಂತಿದ್ದರೂ ಒಂದು ಚಮಚ ಕೊಳ್ಳದೆ, ಹಿತ್ತಲಲ್ಲಿ ತಾನೇ ಬಣ್ಣ ಕಾಯಿಸಿಕೊಳ್ಳುವ ಮನೆಯವರಿದ್ದ ಹಾಗೆ. ಆ ಸ್ವಂತ ಬಣ್ಣದ ಹೆಸರು ಸಿಟ್ಟಾಕೊಫಲ್ವಿನ್. ಗಿಣಿ ಕುಲ ಬಿಟ್ಟರೆ ಬೇರೆ ಹಕ್ಕಿಗಳಲ್ಲಿ ಇದು ಸಿಗುವುದಿಲ್ಲ. 2005ರಲ್ಲಿ 44 ಜಾತಿಯ ಗಿಣಿಗಳ ಕೆಂಪು ಗರಿಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಅದೇ ಐದು ಅಣುಗಳು ಸಿಕ್ಕವು.

ಕೆಲಸ ನಡೆಯುವುದು ಗರಿ ಬೆಳೆಯುವ ಬುಡದಲ್ಲಿ. ಮಲ್ಲಿಗೆ ಕಟ್ಟುವವರ ಕೈ ನೋಡಿದ್ದೀರಲ್ಲ? ಎರಡು ಮೊಗ್ಗು ಇಟ್ಟು ಒಂದು ಗಂಟು, ಮತ್ತೆ ಎರಡು ಮೊಗ್ಗು, ಮತ್ತೊಂದು ಗಂಟು. ಇಲ್ಲೂ ಒಂದು ಕಿಣ್ವ ಎರಡೆರಡೇ ಕಾರ್ಬನ್ ಸೇರಿಸುತ್ತಾ 14, 16, 18, 20 ಕಾರ್ಬನ್‌ಗಳ ಸರ ಕಟ್ಟುತ್ತದೆ. ಸರದಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದು ಬಿಟ್ಟೊಂದು ಬರುತ್ತವೆ. ಹಾಗಾಗಿ ಎಲೆಕ್ಟ್ರಾನುಗಳು ಒಂದೇ ಕಡೆ ಅಂಟಿಕೊಳ್ಳದೆ ಉದ್ದಕ್ಕೂ ಹರಡಿಕೊಳ್ಳುತ್ತವೆ. ಈಗ ವೀಣೆಯ ತಂತಿ ನೆನಪಿಸಿಕೊಳ್ಳಿ. ಮಿಡಿಯುವ ತಂತಿ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಈ ಸರವೂ ಹಾಗೇ. ಉದ್ದವಾದಷ್ಟೂ ಅದು ನುಂಗುವ ಬೆಳಕು ನೇರಳೆಯಿಂದ ನೀಲಿಗೆ, ನೀಲಿಯಿಂದ ಹಸಿರಿಗೆ ಜಾರುತ್ತದೆ. ನೀಲಿ, ಹಸಿರು ನುಂಗಿ ಹೋದ ಮೇಲೆ ನಮ್ಮ ಕಣ್ಣಿಗೆ ಉಳಿಯುವುದು ಕೆಂಪು.

ಇಷ್ಟೇ ಅಲ್ಲ. ಸರದ ತುದಿಯಲ್ಲಿ ಆಲ್ಡಿಹೈಡ್ ಅನ್ನುವ ಪರಮಾಣುಗಳ ಗುಂಪು ಇದ್ದರೆ ಬಣ್ಣ ಕೆಂಪಿನ ಕಡೆ ವಾಲುತ್ತದೆ. ಆ ತುದಿಯನ್ನು ಆಮ್ಲವಾಗಿ ಬದಲಿಸಿದರೆ ಹಳದಿ. ಈ ಬದಲಾವಣೆಗೆ ಒಂದೇ ಒಂದು ಕಿಣ್ವ ಸಾಕು ಅಂತ 2024ರಲ್ಲಿ ಗೊತ್ತಾಯಿತು. ಅಡುಗೆ ಮನೆಯ ಹೋಲಿಕೆ ಬೇಕಾದರೆ, ಕುಂಕುಮ ನೆನಪಿಸಿಕೊಳ್ಳಿ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದಿಲ್ಲವೇ? ಅಣುವಿನಲ್ಲಿ ಚೂರು ಬದಲಾದರೂ ಬಣ್ಣ ಪೂರ್ತಿ ಬೇರೆ. ನಮ್ಮ ತೋಟಕ್ಕೆ ಬರುವ ಗಂಡು ಗಿಣಿಯ ಕೊರಳಲ್ಲಿರುವ ಗುಲಾಬಿ ಪಟ್ಟಿಯೂ ಇದೇ ಮನೆತನದ ಬಣ್ಣ.

ಈ ಬಣ್ಣ ಗಟ್ಟಿಯೂ ಹೌದು. ಗರಿ ತಿನ್ನುವ ಬ್ಯಾಕ್ಟೀರಿಯಾಕ್ಕೆ ಗಿಣಿ ಗರಿಗಳನ್ನು ಒಡ್ಡಿದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಬಿಳಿ ಗರಿ ಬೇಗ ಹಾಳಾಯಿತು, ಕೆಂಪು ಗರಿ ಜಾಸ್ತಿ ಹೊತ್ತು ತಡೆಯಿತು.

ಅಜ್ಜಿಯ ಮೆಣಸಿನಕಾಯಿಗೂ ಒಂದು ಮಾತು ಸಲ್ಲಬೇಕು. ಗಿಣಿ ಅದನ್ನು ಆರಾಮಾಗಿ ತಿನ್ನುವುದು ನಿಜ. ಖಾರವನ್ನು ಗುರುತಿಸುವ ನಮ್ಮ ನರದ ಬಾಗಿಲು ಹಕ್ಕಿಗಳಲ್ಲಿ ಬೇರೆ ಥರ ಇದೆ, ಖಾರದ ಅಂಶ ಅದನ್ನು ತೆರೆಯುವುದಿಲ್ಲ.

ಈಗ ಗರಿ ಸಿಗುವ ದಾರಿಯ ಕಥೆ. ಬೂದು ಗಿಣಿಯ ಬಾಲದಲ್ಲಿ 12 ಗರಿ. ಹಳೆಯವು ತಾವೇ ಉದುರುತ್ತವೆ, ಹೊಸವು ಬರುತ್ತವೆ. ಉದುರಿದ್ದನ್ನು ಹೆಕ್ಕಿಕೊಂಡರೆ ಹಕ್ಕಿಗೆ ನೋವಿಲ್ಲ. ಆದರೆ ಪೇಟೆ ಅಷ್ಟಕ್ಕೆ ನಿಲ್ಲಲಿಲ್ಲ. ಮಾತಾಡುವ ಹಕ್ಕಿ ಅಂತ ಲಕ್ಷಗಟ್ಟಲೆ ಗಿಣಿಗಳನ್ನು ಕಾಡಿನಿಂದ ಹಿಡಿದು ಸಾಗಿಸಿದರು. ಪಶ್ಚಿಮ ಆಫ್ರಿಕಾದ ಇನ್ನೊಂದು ದೇಶ ಘಾನಾದಲ್ಲಿ 1992ರಿಂದೀಚೆಗೆ ಸಂಖ್ಯೆ ಶೇಕಡಾ 90ಕ್ಕಿಂತ ಜಾಸ್ತಿ ಕುಸಿದಿದೆ. 2016ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ದೇಶಗಳು ಕಾಡಿನ ಬೂದು ಗಿಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು.

ಕಳ್ಳತನದಲ್ಲಿ ಹಿಡಿಯುವುದು ನಡೆದೇ ಇದೆ. ಮೇಯುವ ಜಾಗದ ಮರ ಹತ್ತಿ ಕೊಂಬೆಗಳಿಗೆ ಅಂಟು ಬಳಿಯುತ್ತಾರೆ. ಮೊದಲೇ ಹಿಡಿದ ಒಂದು ಗಿಣಿಯನ್ನು ಪಕ್ಕದಲ್ಲಿ ಕಟ್ಟುತ್ತಾರೆ. ಅದು ಕೂಗುತ್ತದೆ. ಬೆಳಿಗ್ಗೆ ಮೇಯಲು ಹೊರಟ ಗುಂಪು ಆ ದನಿ ಕೇಳಿ ಕೆಳಗಿಳಿಯುತ್ತದೆ.